ಗಾಡಿಮಾವ

ಸಾಗರದ ಕಡೆ ಮದುವೆಮನೆಗೆ ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ 'ಆಸರಿಗೆ ಎಂತ ಬೇಕು?' ಎನ್ನುವುದು. ಬೆಲ್ಲ-ನೀರು, ಪಾನಕ, ಕಾಫಿ ಯಾವುದೋ ಒಂದನ್ನು ಹೇಳಿ ಪಾರಾಗಬಹುದು. ಎರಡನೆಯ ಪ್ರಶ್ನೆ ಬರುವುದು ಚಪ್ಪರದ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿರುವ ಹಿರಿಯರೊಬ್ಬರಿಂದ: 'ತಮಾ, ಯಾವ ಗಾಡಿಲಿ ಬಂದೆ?' ಇದಕ್ಕೆ ನಿಜ ಹೇಳಿದಿರೋ, ಮೊದಲ ಪಂಕ್ತಿ ತಪ್ಪಿತು. ನೀವು ಗಾಡಿಯ ಹೆಸರು ಹೇಳುವಷ್ಟರಲ್ಲಿ ಅವರು ಅಂಗಳ ದಾಟಿ, ಗದ್ದೆಯಲ್ಲಿ ನಿಲ್ಲಿಸಿದ ನಿಮ್ಮ ಕಾರಿನ ಹತ್ತಿರ ಇರುತ್ತಾರೆ. ಒಂದು ಸುತ್ತು ಹಾಕುತ್ತಾರೆ. ಮುಂದಿನ ಟೈರಿಗೆ ಹಿಮ್ಮಡಿಯಿಂದ ಒಂದು ಒದೆ. ಬಾನೆಟ್ಟಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, 'ಇದು ತಗಡಲ್ಲ, ಕಾಗದ' ಎಂದು ತೀರ್ಪು. ಆಮೇಲೆ ಶುರು: 'ಆಗಿನ ಗಾಡಿ ಅಂದ್ರೆ...'

ಇವರೇ ಗಾಡಿಮಾವ. ಹೆಸರು ನಾನಿಟ್ಟದ್ದು, ಆಸಾಮಿ ನಿಮಗೂ ಗೊತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಇಂಥ ಒಬ್ಬರಿಲ್ಲದ ನೆಂಟಸ್ತಿಕೆ ಇಲ್ಲ. ವಯಸ್ಸು ಅರವತ್ತರ ಮೇಲೆ. ಸ್ವಲ್ಪ ಅಡಕೆ ತೋಟ, ಬೆಂಗಳೂರಿನಲ್ಲಿ ಒಬ್ಬ ಮಗ, ಮೊಣಕಾಲಿನ ಮೇಲೊಂದು ಹಳೆ ಕಲೆ, ಅಟ್ಟದ ಮೇಲೆ ನಾಲ್ಕು ಚೀಲ ಕಬ್ಬಿಣದ ಸಾಮಾನು. ಹಳೆಯ ಸೈಕಲ್ಲು ಮತ್ತು ಹಳೆಯ ಕಾರಿನ ಬಿಡಿಭಾಗಗಳ ವಿಷಯದಲ್ಲಿ ಇವರ ನೆನಪು ಅಗಾಧ. ಹೆಂಡತಿ ಪೇಟೆಯಿಂದ ತರಲು ಹೇಳಿದ ಸಾಮಾನಿನ ವಿಷಯದಲ್ಲಿ ಮಾತ್ರ ಅದು ಕೈಕೊಡುತ್ತದೆ.

ತಾಲ್ಲೂಕಿನಿಂದ ತಾಲ್ಲೂಕಿಗೆ ತಳಿಯಲ್ಲಿ ಸಣ್ಣ ವ್ಯತ್ಯಾಸ ಉಂಟು. ಸಾಗರದವರು ಸಿದ್ಧಾಂತಿಗಳು. ಹೆಗ್ಗೋಡಿನ ನೀನಾಸಮ್ಮಿನ ಸಂಸ್ಕೃತಿ ಶಿಬಿರದಲ್ಲಿ ಕೂತು ಬಂದ ಅಭ್ಯಾಸವೋ ಏನೋ, 'ಡೈನಮೋ ಅಂದ್ರೆ ಬರೀ ದೀಪ ಅಲ್ಲ' ಎಂದು ಶುರುಮಾಡಿ ಗಂಟೆಗಟ್ಟಲೆ ಮಾತಾಡಬಲ್ಲರು. ಪಂಕ್ಚರ್ ಹಾಕಲು ಬಾರದು. ಹೊಸನಗರದವರು ಕೆಲಸದವರು. ನಗರ, ಮಾಸ್ತಿಕಟ್ಟೆ, ಹುಲಿಕಲ್ಲಿನ ಮಳೆಯಲ್ಲಿ ನಟ್ಟು ಬೋಲ್ಟುಗಳು ಕಣ್ಣೆದುರೇ ತುಕ್ಕು ಹಿಡಿಯುವುದನ್ನು ನೋಡಿ ನೋಡಿ ಅವರಲ್ಲಿ ಮಾತು ಕಡಿಮೆ, ಸೀಮೆಎಣ್ಣೆ ಜಾಸ್ತಿ. ತೀರ್ಥಹಳ್ಳಿಯವರದು ಇತಿಹಾಸ ವಿಭಾಗ. ಆ ಸೀಮೆಗೆ ಸೈಕಲ್ಲು ಬಂದದ್ದನ್ನು ಕುವೆಂಪು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಬರೆದಿದ್ದಾರಲ್ಲ, ಅಲ್ಲಿಯ ಜನರ ಬಾಯಲ್ಲಿ ಅದು 'ಬೀಸೆಕಲ್ಲು'. ತೀರ್ಥಹಳ್ಳಿಯ ಗಾಡಿಮಾವನಿಗೆ ಅದು ಸಾಹಿತ್ಯವಲ್ಲ, ಆರ್‌ಸಿ ಪುಸ್ತಕ. ಹಾಗೆಯೇ ಅಲ್ಲಿ ಯಾವ ಹಳೆ ಸೈಕಲ್ಲಿನ ಸುದ್ದಿ ಎತ್ತಿದರೂ, 'ಎಂತ ಮಾರಾಯ್ರೆ, ಈ ಕ್ಯಾರಿಯರ್ ಮೇಲೆ ಗೋಪಾಲಗೌಡ್ರು ಕೂತಿದ್ರು ಅಂತೀನಿ' ಎಂಬ ಮಾತು ಬಂದೇ ಬರುತ್ತದೆ. ಶಾಂತವೇರಿ ಗೋಪಾಲಗೌಡರು 1952ರ ಮೊದಲ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದವರು. ಈಗ ಕೂತು ಲೆಕ್ಕ ಹಾಕಿದರೆ ಅವರಿಗೆ ಬಿದ್ದ ಓಟಿಗಿಂತ ಅವರನ್ನು ಕೂರಿಸಿಕೊಂಡು ಹೋದ ಸೈಕಲ್ಲುಗಳೇ ಹೆಚ್ಚಾದಾವು.

ನಾನು ಹೇಳುತ್ತಿರುವ ಗಾಡಿಮಾವನಿಗೆ ತೋಟ ಹೊಸನಗರದ ಕಡೆ, ಹೈಸ್ಕೂಲು ಓದಿದ್ದು ತೀರ್ಥಹಳ್ಳಿಯಲ್ಲಿ, ಅಡಕೆ ಮಂಡಿ ಸಾಗರದಲ್ಲಿ. ಮೂರೂ ಗುಣ ಒಂದೇ ದೇಹದಲ್ಲಿ ಸೇರಿಬಿಟ್ಟಿವೆ.

ಇವರ ಮೊದಲ ವಾಹನ ಅಡಕೆ ಹಾಳೆ. ಒಬ್ಬ ಹಾಳೆಯ ಮೇಲೆ ಕೂರಬೇಕು, ಇನ್ನೊಬ್ಬ ಸೋಗೆ ಹಿಡಿದು ಎಳೆಯಬೇಕು. ಬ್ರೇಕ್ ಇಲ್ಲ, ಎಳೆಯುವವನಿಗೆ ಸುಸ್ತಾದಾಗ ನಿಲ್ಲುತ್ತದೆ. ಎರಡನೆಯದು ಸವೆದ ಸೈಕಲ್ ಟೈರು ಮತ್ತು ಒಂದು ಕೋಲು. ಈ ಎರಡರಲ್ಲೂ ಪಳಗಿದ ಮೇಲೆ ಕಣ್ಣು ಬಿದ್ದದ್ದು ಅಪ್ಪಯ್ಯನ ಹರ್ಕ್ಯುಲಿಸ್ ಸೈಕಲ್ಲಿನ ಮೇಲೆ. ಅದು ಜಗಲಿಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿರುತ್ತಿತ್ತು, ಬೀಗ ಹಾಕಿ. ಬೀಗದ ಕೈ ಅಪ್ಪಯ್ಯನ ಜನಿವಾರದಲ್ಲಿ. ಅಪ್ಪಯ್ಯ ಮಧ್ಯಾಹ್ನ ಊಟ ಮಾಡಿ ಅಡ್ಡಾದಾಗ ಆ ಕೈಯನ್ನು ಬಿಚ್ಚಿ ತೆಗೆಯುವ ಕಲೆಯನ್ನು ಗಾಡಿಮಾವ ಸೈಕಲ್ಲಿಗಿಂತ ಮೊದಲು ಕಲಿತರು.

ಸೀಟು ಎದೆಮಟ್ಟದಲ್ಲಿ, ಹತ್ತಿ ಕೂರುವುದು ಆಗದ ಮಾತು. ಆದ್ದರಿಂದ ಒಳಪೆಡಲ್. ಎಡಗೈ ಹ್ಯಾಂಡಲ್ ಮೇಲೆ, ಬಲಗಂಕುಳಲ್ಲಿ ಸೀಟು, ಬಲಗಾಲು ಬಾರಿನ ಕೆಳಗಿನ ತ್ರಿಕೋನದೊಳಗಿಂದ ತೂರಿ ಆಚೆಯ ಪೆಡಲಿಗೆ. ಪೂರ್ತಿ ಸುತ್ತು ತುಳಿಯಲು ಕಾಲು ಎಟುಕದು, ಅರ್ಧ ತುಳಿದು ಅರ್ಧ ಹಿಂದೆ ಬಿಡಬೇಕು, ಚೈನು ಕಟಕಟ ಅನ್ನಬೇಕು. ಸೈಕಲ್ಲು ಒಂದು ಕಡೆ ವಾಲಿರುತ್ತದೆ, ಹುಡುಗ ಇನ್ನೊಂದು ಕಡೆ. ಹೀಗೆ ಅಂಗಳದಿಂದ ದಣಪೆಯವರೆಗೆ ಹೋಗಿ, ಅಲ್ಲಿ ತಿರುಗಿಸಲು ಬಾರದೆ, ದರಕಿನ ರಾಶಿಯೊಳಗೆ ಬೀಳುವುದು ಒಂದು ಟ್ರಿಪ್ಪು. ದರಕು ಖಾಲಿಯಾದ ದಿನ ಬಿದ್ದದ್ದು ಚಿರೆಕಲ್ಲಿನ ಪಾಗಾರದ ಮೇಲೆ. ಮೊಣಕಾಲಿನ ಕಲೆ ಅದೇ. ಕಮ್ಯುನಿಸ್ಟ್ ಸೊಪ್ಪನ್ನು ತಿಕ್ಕಿ ರಸ ಹಿಂಡಿ, ರಕ್ತ ನಿಲ್ಲಿಸಿ, ಚಡ್ಡಿಯನ್ನು ಕೆಳಗೆ ಜಗ್ಗಿ, ಬೀಗದ ಕೈಯನ್ನು ವಾಪಸು ಜನಿವಾರಕ್ಕೆ ಕಟ್ಟಿದ ಮೇಲೆಯೇ ನೋವಾಗಲು ಶುರುವಾದದ್ದಂತೆ. ಈ ಕಲೆಯನ್ನು ನೋಡದೆ ಅವರ ಮನೆಯಿಂದ ಯಾರೂ ವಾಪಸು ಬಂದಿಲ್ಲ. ಎರಡು ಸಲ ನೋಡಿದವರಿಗೆ ಕಲೆ ಸ್ವಲ್ಪ ಬೆಳೆದಂತೆಯೂ ಕಾಣುತ್ತದೆ.

ಆಮೇಲೆ ಕಾಲು ಎಟುಕಿತು, ಹೈಸ್ಕೂಲು ಬಂತು, ಸೈಕಲ್ಲು ಸ್ವಂತದ್ದಾಯಿತು. ಯಾವ ಕಂಪನಿಯದು ಎಂಬುದರ ಮೇಲೆ ಆಗಿನ ಊರುಗಳು ಇಬ್ಭಾಗವಾಗಿದ್ದವು. ಮದರಾಸಿನಲ್ಲಿ 1949ರಲ್ಲಿ ಶುರುವಾದ ಟಿ.ಐ. ಸೈಕಲ್ಸ್‌ನವರ ಹರ್ಕ್ಯುಲಿಸ್ ಒಂದು ಪಕ್ಷ. ಸೋನಿಪತ್ತಿನ ಅಟ್ಲಾಸ್ ಇನ್ನೊಂದು. ಲೂಧಿಯಾನಾದ ಹೀರೋ ಆಮೇಲೆ ಬಂದ ಹೊಸಬ. ಆಸನ್ಸೋಲಿನ ಸೆನ್-ರ್ಯಾಲಿ ಇಟ್ಟುಕೊಂಡವರು ಈ ಜಗಳಕ್ಕೆ ಇಳಿಯುತ್ತಲೇ ಇರಲಿಲ್ಲ, ಅವರು ದೊಡ್ಡ ಹಿಡುವಳಿದಾರರು. ಗಾಡಿಮಾವ ಅಟ್ಲಾಸ್ ಪಕ್ಷ, ಅಪ್ಪಯ್ಯ ಹರ್ಕ್ಯುಲಿಸ್ ಇಟ್ಟಿದ್ದರು ಎಂಬ ಒಂದೇ ಕಾರಣಕ್ಕೆ. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ ಬಾಗಿಲು ಹಾಕಿದ ಸುದ್ದಿ ಬಂದಾಗ ಅವರು ಅಟ್ಟ ಹತ್ತಿ, ಸೈಕಲ್ಲಿನ ಮಡ್‌ಗಾರ್ಡ್ ಒರೆಸಿ ಇಳಿದುಬಂದರು. ಮಾತಾಡಲಿಲ್ಲ. ಮನೆಯವರಿಗೆ ಅದು ಅಪರೂಪದ ಅರ್ಧ ದಿನ.

ಮಲೆನಾಡಿನ ಮಳೆಗಾಲದಲ್ಲಿ ಸೈಕಲ್ಲು ಎಷ್ಟು ಉಪಯೋಗಕ್ಕೆ ಬರುತ್ತಿತ್ತು ಎಂಬುದನ್ನು ಯಾರೂ ಅವರನ್ನು ಕೇಳುವುದಿಲ್ಲ. ನಾನು ಕೇಳಿದ್ದೇನೆ. ಕೆಂಪು ಕೆಸರು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಹತ್ತು ಮಾರಿಗೆ ಒಂದು ಸಲ ಚಕ್ರ ನಿಲ್ಲುತ್ತಿತ್ತು. ಕೋಲಿನಿಂದ ಕೆರೆದು ಮುಂದೆ ಹೋಗಬೇಕು. ಹಳ್ಳ ಬಂದರೆ ಸಂಕ. ಎರಡು ಅಡಕೆ ಮರ ಜೋಡಿಸಿದ ಸಂಕದ ಮೇಲೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಕಂಬಳಿಕೊಪ್ಪೆಯ ಒಳಗಿಂದ ಇಣುಕಿ ಹೆಜ್ಜೆ ಹುಡುಕಬೇಕು. ಅಷ್ಟರಲ್ಲಿ ಕಾಲಿಗೆ ಉಂಬಳ. ಲೆಕ್ಕ ಹಾಕಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಕಲ್ಲು ಗಾಡಿಮಾವನನ್ನು ಹೊತ್ತದ್ದಕ್ಕಿಂತ ಗಾಡಿಮಾವ ಸೈಕಲ್ಲನ್ನು ಹೊತ್ತದ್ದೇ ಹೆಚ್ಚು. ಇದನ್ನು ಹೇಳಿದರೆ ಅವರು ಒಪ್ಪುತ್ತಾರೆ. 'ಹೌದು. ಈಗಿನ ಗಾಡಿನ ಹೊರುಲೆ ಬತ್ತನೋ?' ಎಂದು ಕೇಳುತ್ತಾರೆ.

ಡೈನಮೋ ಒಂದು ಪ್ರತ್ಯೇಕ ಅಧ್ಯಾಯ. ಅದೊಂದು ಪುಟ್ಟ ಶೀಶೆಯ ಆಕಾರದ ಸಾಮಾನು, ಹಿಂದಿನ ಚಕ್ರದ ಪಕ್ಕಕ್ಕೆ ಕೂತಿರುತ್ತದೆ. ಗುಂಡಿ ಒತ್ತಿದರೆ ಸ್ಪ್ರಿಂಗ್ ಬಿಟ್ಟು ಅದರ ತಲೆ ಟೈರಿಗೆ ತಾಗಿ ಗಿರ್ರನೆ ತಿರುಗುತ್ತದೆ. ಒಳಗಿನ ಅಯಸ್ಕಾಂತ ತಿರುಗಿ, ಸುತ್ತಲಿನ ತಂತಿಯ ಸುರುಳಿಯಲ್ಲಿ 6 ವೋಲ್ಟು, 3 ವ್ಯಾಟಿನಷ್ಟು ಕರೆಂಟು ಹುಟ್ಟುತ್ತದೆ. ವೇಗ ಎಷ್ಟೋ ಬೆಳಕು ಅಷ್ಟು. ಇಂಥ ತತ್ತ್ವದ ಮೇಲೆ ನಡೆಯುವ ದೀಪಕ್ಕೆ ನಮ್ಮ ಸೀಮೆಯಷ್ಟು ಹೊಂದದ ಜಾಗ ಇನ್ನೊಂದಿಲ್ಲ. ಏರಿನಲ್ಲಿ ತುಳಿಯುವ ವೇಗಕ್ಕೆ ದೀಪ ಕೆಂಡದ ಬಣ್ಣಕ್ಕೆ ಇಳಿದು ಆರುತ್ತದೆ. ಕತ್ತಲೆಯಲ್ಲಿ ದಾರಿ ಹುಡುಕುತ್ತಿರುವಾಗ ಬೆಳಕಿಲ್ಲ. ಇಳಿಜಾರು ಬಂತೋ, ಜಗಜಗಿಸುವ ಬೆಳಕು. ಮುಂದಿನ ಹೊಂಡ, ಅದರೊಳಗಿನ ನೀರು, ನೀರಿನಲ್ಲಿನ ಕಪ್ಪೆ ಎಲ್ಲ ಸ್ಪಷ್ಟ. ಆದರೆ ಅವೆಲ್ಲ ಕಾಣುವ ಹೊತ್ತಿಗೆ ಸವಾರನೂ ಆ ಹೊಂಡದಲ್ಲಿಯೇ ಇರುತ್ತಿದ್ದ. ಇನ್ನೂ ಜೋರಾದರೆ ಬಲ್ಬು ಸುಟ್ಟುಹೋಗುತ್ತಿತ್ತು. ಮಳೆಯಲ್ಲಂತೂ ಒದ್ದೆ ಟೈರಿನ ಮೇಲೆ ಅದರ ತಲೆ ಜಾರುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ.

ಇಷ್ಟಾಗಿಯೂ ದೀಪವಿಲ್ಲದೆ ಸಂಜೆ ಪೇಟೆಗೆ ಇಳಿದರೆ ಪೊಲೀಸಿನವರು ಹಿಡಿಯುವ ಕಾಲ. ಇಬ್ಬರು ಕೂತರೂ ದಂಡ. ಸೈಕಲ್ಲಿಗೆ ವರ್ಷಾವರ್ಷ ಪುರಸಭೆಗೋ ಪಂಚಾಯ್ತಿಗೋ ದುಡ್ಡು ಕಟ್ಟಿ ಬಿಲ್ಲೆ ಹಾಕಿಸಬೇಕಿತ್ತು. ಗಾಡಿಮಾವನ ಸೈಕಲ್ಲಿನ ಬಿಲ್ಲೆ ಈಗಲೂ ಇದೆ, ದೇವರ ಕೋಣೆಯ ಗೂಡಿನಲ್ಲಿ. 'ಕಟ್ಟಬೇಕಾದ ತೆರಿಗೆ ಕಟ್ಟಿ ಮಾರಾಯ್ರೆ ನಾವು ಓಡಾಡಿದ್ದು' ಎನ್ನುವಾಗ ಅವರೊಳಗಿನ ತೀರ್ಥಹಳ್ಳಿ ಹೊರಗೆ ಬರುತ್ತದೆ. ದಂಡ ಕಟ್ಟಿದ್ದನ್ನೂ ಅವರು ಅಷ್ಟೇ ಹೆಮ್ಮೆಯಿಂದ ಹೇಳುತ್ತಾರೆ.

ಇಲ್ಲಿ ಅವರ ಅಪ್ಪಯ್ಯನ ಮಾತು ಹೇಳಬೇಕು. ಹಳೆಯದನ್ನು ಹೊಗಳುವ ಈ ಗುಣ ರಕ್ತದಲ್ಲಿ ಬಂದದ್ದು. ಅಪ್ಪಯ್ಯನಿಗೆ ಸ್ವಂತ ಸೈಕಲ್ಲಿದ್ದರೂ ಮನಸ್ಸೆಲ್ಲ ಎತ್ತಿನಗಾಡಿಯ ಮೇಲೆ. ಅಡಕೆ ಹೇರಿಕೊಂಡು ಸಾಗರಕ್ಕೆ ಹೋದ ಗಾಡಿ ರಾತ್ರಿ ವಾಪಸು ಹೊರಟರೆ ಯಜಮಾನ ಹುಲ್ಲಿನ ಮೇಲೆ ಮಲಗಿಬಿಡಬಹುದಿತ್ತು. ಬೆಳಗಾಗುವಾಗ ಗಾಡಿ ಮನೆ ಮುಂದೆ. 'ಎತ್ತಿಗೆ ಮನೆ ಗೊತ್ತಿದ್ದು. ನಿನ್ನ ಸೈಕಲ್ಲಿಗೆ ಎಂತ ಗೊತ್ತಿದ್ದು?' ಎಂದು ಅಪ್ಪಯ್ಯ ಕೇಳುತ್ತಿದ್ದರಂತೆ. ಗಾಡಿಮಾವ ಆಗ ನಕ್ಕಿದ್ದರು. ಹಳೇ ಕಾಲದವರ ಹುಚ್ಚು ಎಂದು ಗೆಳೆಯರ ಮುಂದೆ ಆಡಿಕೊಂಡಿದ್ದೂ ಉಂಟು.

ಕಾರಿನ ಯುಗ ಬಂದದ್ದು ಅಡಕೆಗೆ ರೇಟು ಬಂದಾಗ. 1990ರ ದಶಕದ ಕೊನೆಯಲ್ಲಿ ಧಾರಣೆ ಏರಿದಾಗ ಮಲೆನಾಡಿನ ಅಂಗಳಗಳಿಗೆ ಮಾರುತಿ, ಜೀಪುಗಳು ಒಂದರ ಹಿಂದೊಂದು ಇಳಿದವು. ಎಲ್ಲರೂ ಹಳೆಯದನ್ನು ಮಾರಿ ಹೊಸದು ಕೊಳ್ಳುತ್ತಿದ್ದಾಗ, ಅವರು ಮಾರಿದ ಹಳೆಯದನ್ನು ಯಾರಾದರೂ ಕೊಳ್ಳಬೇಕಲ್ಲ. ಗಾಡಿಮಾವ ಕೊಂಡರು: ಒಂದು ಮಾರ್ಕ್ 2 ಅಂಬಾಸಿಡರ್, ಬೂದು ಬಣ್ಣದ್ದು. ಮುಂದೆ ರೇಟು ಇಳಿದಾಗ ಹೊಸ ಗಾಡಿಯವರು ಬ್ಯಾಂಕಿನ ಕಂತಿಗೆ ಪರದಾಡಿದರು. ಗಾಡಿಮಾವ ಅಡಕೆ ಮಾರಾಟ ಸಂಘವಾದ ಮಾಮ್ಕೋಸಿನ ಕಟ್ಟೆಯ ಮೇಲೆ ಕೂತು, ತಾನು ಮೊದಲೇ ಲೆಕ್ಕ ಹಾಕಿದ್ದೆ ಎಂಬ ಮುಖ ಮಾಡಿದರು. ಲೆಕ್ಕ ಏನೂ ಇರಲಿಲ್ಲ. ಆ ಗಾಡಿಗೆ ಸ್ಟಾರ್ಟಿಂಗ್ ಹ್ಯಾಂಡಲ್ ಇತ್ತು, ಅಷ್ಟೇ.

ಹ್ಯಾಂಡಲ್ ಹೊಡೆಯುವುದನ್ನು ಅವರು ಈಗಲೂ ಮಕ್ಕಳಿಗೆ ಕಲಿಸಿಕೊಡುತ್ತಾರೆ, ಹ್ಯಾಂಡಲ್ಲೂ ಇಲ್ಲದೆ, ಗಾಡಿಯೂ ಇಲ್ಲದೆ. ಗೇರು ನ್ಯೂಟ್ರಲ್ಲಿಗೆ ತರಬೇಕು. ಮರೆತರೆ ಗಾಡಿ ಮೈಮೇಲೆ ಬರುತ್ತದೆ. ಚೋಕ್ ಎಳೆಯಬೇಕು. ಹ್ಯಾಂಡಲ್ಲನ್ನು ಬಂಪರಿನ ತೂತಿನಿಂದ ತೂರಿಸಿ, ಕಚ್ಚಿಕೊಂಡಿತೇ ಎಂದು ಕೈಯಲ್ಲೇ ತಿಳಿಯಬೇಕು. ಹಿಡಿಯುವಾಗ ಐದೂ ಬೆರಳು ಒಂದೇ ಕಡೆ, ಹೆಬ್ಬೆರಳನ್ನು ಆಚೆ ಸುತ್ತಬಾರದು. ಎಂಜಿನ್ನು ಉಲ್ಟಾ ಒದ್ದರೆ ಮಣಿಕಟ್ಟು ಹೋಯಿತು. ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತ. ಹತ್ತದಿದ್ದರೆ ಇನ್ನೊಂದು. ಆಮೇಲೂ ಹತ್ತದಿದ್ದರೆ ಅಕ್ಕಪಕ್ಕದ ಮನೆಯವರನ್ನು ಕರೆದು ತಳ್ಳಿಸುವುದು. ಈ ಕಾರಣಕ್ಕೆ ಗಾಡಿಮಾವ ಎಲ್ಲಿ ಹೋದರೂ ಗಾಡಿಯನ್ನು ಇಳಿಜಾರಿನಲ್ಲಿಯೇ ನಿಲ್ಲಿಸುತ್ತಿದ್ದರು. ಮದುವೆಮನೆ ಮಟ್ಟಸ ಜಾಗದಲ್ಲಿದ್ದರೆ ಎರಡು ಫರ್ಲಾಂಗು ಆಚೆಯ ದಿಬ್ಬದ ಮೇಲೆ ನಿಲ್ಲಿಸಿ, ಅತ್ತೆಯನ್ನು ರೇಷ್ಮೆ ಸೀರೆಯಲ್ಲಿ ನಡೆಸಿಕೊಂಡು ಬರುತ್ತಿದ್ದರು.

ಗಾಡಿಯ ಒಳಗೆ ಏನಿತ್ತು ಎನ್ನುವುದಕ್ಕಿಂತ ಏನಿರಲಿಲ್ಲ ಎಂದು ಹೇಳುವುದು ಸುಲಭ. ಸ್ಟೇರಿಂಗಿಗೆ ಒಂದು ಗುಂಡಿ ಹಚ್ಚಿದ್ದರು, ಒಂದೇ ಕೈಯಲ್ಲಿ ತಿರುಗಿಸಲು. ಇನ್ನೊಂದು ಕೈ ಕವಳಕ್ಕೆ. ಡ್ಯಾಶ್‌ಬೋರ್ಡಿನ ಮೇಲೆ 12 ವೋಲ್ಟಿನ ಪುಟ್ಟ ಫ್ಯಾನು, ನಮ್ಮ ಚಳಿಗೆ ಅದರ ಅಗತ್ಯ ಯಾರಿಗೂ ತಿಳಿಯಲಿಲ್ಲ. ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಿಂದ ತಂದ ದಿಕ್ಸೂಚಿ, ನೀರಿನಲ್ಲಿ ತೇಲುವಂಥದು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅದು ಅಷ್ಟೂ ಸಲ ದಿಕ್ಕು ಬದಲಿಸಿ, ಸೋಮೇಶ್ವರದಲ್ಲಿ ಇಳಿದ ಮೇಲೂ ಸುಮಾರು ಹೊತ್ತು ತೂಗಾಡುತ್ತಿತ್ತಂತೆ. ಹಿಂದೆ ಬರುವಾಗ ದೇಶಭಕ್ತಿಗೀತೆಯ ಧಾಟಿ ನುಡಿಸುವ ರಿವರ್ಸ್ ಹಾರ್ನು. ಊರಿನ ನಿವೃತ್ತ ಮೇಷ್ಟ್ರೊಬ್ಬರು ಅದು ಕೇಳಿದಾಗಲೆಲ್ಲ ನೆಟ್ಟಗೆ ನಿಲ್ಲುತ್ತಿದ್ದರು, ಗಾಡಿಮಾವನಿಗೋ ರಿವರ್ಸ್ ತೆಗೆಯುವುದೇ ಸರಿಯಾಗಿ ಬರುತ್ತಿರಲಿಲ್ಲ, ಇಬ್ಬರಿಗೂ ಕಷ್ಟ.

ರೇಡಿಯೋ ಇತ್ತು. ಅದಕ್ಕೆ ಸಿಗುತ್ತಿದ್ದದ್ದು ಭದ್ರಾವತಿ ಆಕಾಶವಾಣಿ, ಅದೂ ಗುಡ್ಡದ ಈಚೆ ಇರುವವರೆಗೆ. ಮನೆಯ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟಿದ ಕಾಲವನ್ನು ನೆನೆಯಲು ಅವರಿಗೆ ಇದೊಂದು ನೆಪ. ಆಮೇಲೆ ಕ್ಯಾಸೆಟ್ ಬಂತು. ಕಾಳಿಂಗ ನಾವಡರ ಭಾಗವತಿಕೆ ಹಾಕಿಕೊಂಡು ರಾತ್ರಿ ಘಾಟಿ ಏರುವುದು ಅವರ ಪ್ರಕಾರ ಮನುಷ್ಯಜನ್ಮದ ಸಾರ್ಥಕ್ಯ. ಬ್ಯಾಟರಿ ಮಾತ್ರ ಹಳೆಯದು. ಹೆಡ್‌ಲೈಟ್ ಹಾಕಿ, ವೈಪರ್ ಹಾಕಿದರೆ ನಾವಡರ ಏರುದನಿ ಮೆಲ್ಲಗೆ ಇಳಿದು, ಎಳೆದು, ಯಾರೋ ಮುದುಕರು ಹಾಡುವ ಮಟ್ಟಕ್ಕೆ ಬರುತ್ತಿತ್ತು. ಹಿಂದಿನ ಸೀಟಿನವರು ನಕ್ಕರೆ, 'ಇದು ವಿಳಂಬ ಕಾಲ, ನಿಂಗಳಿಗೆ ತಾಳಜ್ಞಾನ ಇಲ್ಲೆ' ಎಂದು ಬಾಯಿ ಮುಚ್ಚಿಸುತ್ತಿದ್ದರು.

ಹುಲಿಕಲ್ ಘಾಟಿಯಲ್ಲಿ ಒಮ್ಮೆ ವೈಪರ್ರೇ ನಿಂತುಹೋದ ಕಥೆ ಇದೆ. ಆಷಾಢದ ಮಳೆ, ಎದುರು ಏನೂ ಕಾಣದು. ಗಾಡಿಮಾವ ಕೆಳಗಿಳಿದು, ಕವಳದ ಸಂಚಿಯಲ್ಲಿದ್ದ ಹೊಗೆಸೊಪ್ಪನ್ನೆಲ್ಲ ತೆಗೆದು ಗಾಜಿಗೆ ತಿಕ್ಕಿದರು. ಹೊಗೆಸೊಪ್ಪು ತಿಕ್ಕಿದ ಗಾಜಿನ ಮೇಲೆ ನೀರು ಹನಿಹನಿಯಾಗಿ ನಿಲ್ಲದೆ ಪೊರೆಯಾಗಿ ಹರಿಯುತ್ತದೆ, ಒಂದಿಷ್ಟು ಕಾಣುತ್ತದೆ. ಹಳೆ ಡ್ರೈವರುಗಳಿಗೆಲ್ಲ ಗೊತ್ತಿದ್ದ ಉಪಾಯ. ಕಥೆಯನ್ನು ಗಾಡಿಮಾವ ಇಲ್ಲಿಗೆ ಮುಗಿಸುತ್ತಾರೆ. ಮುಂದಿನದನ್ನು ಅತ್ತೆ ಒಳಗಿನಿಂದ ಸೇರಿಸುತ್ತಾರೆ: 'ಹೊಗೆಸೊಪ್ಪು ಖಾಲಿ ಆತಲೀ, ಹೊಸಂಗಡಿ ಮುಟ್ಟುವರೆಗೂ ಯನ್ನ ಸಂತಿಗೆ ಜಗಳ.'

ಅಂಬಾಸಿಡರ್ ಮತ್ತು ಮಾರುತಿ 800 ಎರಡೂ ನಿಂತದ್ದು 2014ರಲ್ಲಿಯೇ, ಮಾರುತಿ ಜನವರಿಯಲ್ಲಿ, ಉತ್ತರಪಾಡಾದ ಅಂಬಾಸಿಡರ್ ಕಾರ್ಖಾನೆ ಮೇ ತಿಂಗಳಿನಲ್ಲಿ. ಗಾಡಿಮಾವ ಅಂಬಾಸಿಡರಿಗೆ ಸೂತಕ ಹಿಡಿದರು. ಮಾರುತಿಗೆ ಸ್ನಾನವನ್ನೂ ಮಾಡಲಿಲ್ಲ. 1983ರ ಡಿಸೆಂಬರಿನಲ್ಲಿ ಅದು ಬಂದಾಗಲೇ 'ಮೂರು ಸಿಲಿಂಡರಿನದ್ದು ಘಾಟಿ ಹತ್ತುದಿಲ್ಲೆ' ಎಂದಿದ್ದವರು. ಅದು ಘಾಟಿ ಹತ್ತಿತು, ಇವರ ಗಾಡಿಯನ್ನು ಹಿಂದೆ ಹಾಕಿಯೇ ಹತ್ತಿತು. ಈಚೆಗೆ ಯಾಕೋ ಅವರ ಬಾಯಲ್ಲಿ 800ರ ಹೊಗಳಿಕೆಯೂ ಬರತೊಡಗಿದೆ. 'ಮೂರೇ ಸಿಲಿಂಡರು, ಆದ್ರೂ ಎಂಥ ಗಾಡಿ ಹೇಳಿ!' ಒಂದು ವಸ್ತು ಗುಜರಿಗೆ ಹೋಗುವವರೆಗೆ ಕಾದು, ಆಮೇಲೆ ಅದನ್ನು ಪ್ರೀತಿಸುವುದು ಈ ಜನರ ಕ್ರಮ. ಬಳಕೆಯಲ್ಲಿದ್ದಾಗ ಬೈದದ್ದನ್ನು ಮರೆಯಲು ಮೂವತ್ತು ವರ್ಷ ಸಾಕೆಂದು ಕಾಣುತ್ತದೆ.

ಇದಕ್ಕೆ ಹೊಸ ಸಾಕ್ಷಿ ಸಿಗಂದೂರಿನ ಲಾಂಚು. ಲಿಂಗನಮಕ್ಕಿಯ ಹಿನ್ನೀರು ತುಂಬಿದ ಮೇಲೆ ತುಮರಿ ಕಡೆಯ ನೆಂಟರ ಮನೆಗೆ ಹೋಗಬೇಕಾದರೆ ಹೊಳೆಬಾಗಿಲಿನಲ್ಲಿ ಗಾಡಿಯನ್ನು ಲಾಂಚಿಗೆ ಹತ್ತಿಸಬೇಕಿತ್ತು. ಸರದಿ, ಬಿಸಿಲು, ಸಂಜೆಯಾದರೆ ಲಾಂಚಿಲ್ಲ. ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಸೇತುವೆ ಆಗಬೇಕೆಂದು ಭಾಷಣ ಕೇಳಲು ಹೋಗಿ, ಮನವಿಗೆ ಸಹಿ ಹಾಕಿ ಬಂದವರಲ್ಲಿ ಗಾಡಿಮಾವನೂ ಒಬ್ಬರು. 2025ರ ಜುಲೈಯಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಮೊದಲ ವಾರವೇ ಮಗನ ಕಾರಿನಲ್ಲಿ ದಾಟಿದರು. ಆಚೆ ದಡ ಮುಟ್ಟಿದ ಕೂಡಲೇ ಹೇಳಿದ್ದು ಇಷ್ಟು: 'ಲಾಂಚಿನ ಗಮ್ಮತ್ತು ಇದರಲ್ಲಿ ಇಲ್ಲೆ.' ಮೂವತ್ತು ವರ್ಷ ಕಾಯುವ ಕ್ರಮ ಈಗ ಮೂರು ನಿಮಿಷಕ್ಕೆ ಇಳಿದಿದೆ.

ಆ ಮಗನ ಕಾರಿನ ವಿಷಯ. ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಅದರಲ್ಲಿ ಬೀಗದ ಕೈ ಹಾಕಿ ತಿರುಗಿಸುವುದಿಲ್ಲ, ಗುಂಡಿ ಒತ್ತುವುದು. ಕ್ಲಚ್ಚಿಲ್ಲ. ಮುಂದೆ ದೊಡ್ಡ ಪರದೆ. ಮೇಲೆ ತೆರೆಯುವ ಗಾಜಿನ ಮಾಡು. ಹೊಸನಗರದ ಮಳೆಯಲ್ಲಿ ಅದನ್ನು ತೆರೆಯುವ ಧೈರ್ಯ ಈವರೆಗೆ ಯಾರಿಗೂ ಬಂದಿಲ್ಲ. ಗಾಡಿಮಾವ ಅದನ್ನು ನೋಡಿ, 'ಇದು ಗಾಡಿ ಅಲ್ದೋ ತಮಾ, ಟೀವಿಗೆ ಚಕ್ರ ಹಚ್ಚಿದ್ದ' ಎಂದರು. ಹಾಗೆಂದು ಹತ್ತದೆ ಬಿಟ್ಟವರಲ್ಲ. ಮುಂದಿನ ಸೀಟು ಅವರದೇ. ಎಸಿಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಸೀಟನ್ನು ಹಿಂದೆ ಒರಗಿಸಿಕೊಂಡು, ದಾರಿಯುದ್ದಕ್ಕೂ ಅಂಬಾಸಿಡರಿನ ಗುಣಗಾನ. ಹಳೆ ಗಾಡಿಯ ಹೊಗಳಿಕೆಗೆ ಹೊಸ ಗಾಡಿಯಷ್ಟು ಅನುಕೂಲವಾದ ಜಾಗ ಬೇರೆ ಇಲ್ಲ. ಹಳೆಯದರಲ್ಲಿ ಆ ಸದ್ದಿಗೆ ಮಾತು ಕೇಳಿಸುತ್ತಲೇ ಇರಲಿಲ್ಲ. ಮೊಮ್ಮಗನ 21 ಗೇರಿನ ಸೈಕಲ್ಲಿಗೂ ಅವರ ತಕರಾರಿದೆ: 'ಅಂಬಾಸಿಡರಿಗೇ ನಾಲ್ಕು. ಇಪ್ಪತ್ತೊಂದು ಹಾಕಿ ಇವ ಹೋಪದೆಲ್ಲಿಗೆ, ಟ್ಯೂಷನ್ನಿಗೆ!'

ನನಗೆ ಅನ್ನಿಸುವುದು, ಗಾಡಿಮಾವನಿಗೆ ಆ ಗಾಡಿಗಳು ಇಷ್ಟವಾದದ್ದು ಅವು ಓಡುತ್ತಿದ್ದವು ಎಂದಲ್ಲ, ನಿಲ್ಲುತ್ತಿದ್ದವು ಎಂದು. ನಿಂತ ಗಾಡಿಗೆ ಇವರು ಬೇಕಾಗುತ್ತಿತ್ತು. ಬಾನೆಟ್ ಎತ್ತಿ, ಪ್ಲಗ್ಗು ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿ, ಕಾರ್ಬುರೇಟರಿನ ಜೆಟ್ಟಿಗೆ ಬಾಯಿಟ್ಟು ಊದಿದರೆ ಗಾಡಿ ಹೊರಡುತ್ತಿತ್ತು. ಸುತ್ತ ನಿಂತ ನಾಲ್ಕು ಜನ ನೋಡುತ್ತಿದ್ದರು. ಮಗನ ಕಾರಿನ ಬಾನೆಟ್ ಎತ್ತಿದರೆ ಒಂದು ಕರಿ ಪ್ಲಾಸ್ಟಿಕ್ ಮುಚ್ಚಳ. ಊದುವುದೆಲ್ಲಿಗೆ?

ಅದೇ ಕಾರಿನಲ್ಲಿ ಇನ್ನೊಂದು ವ್ಯವಸ್ಥೆ ಇದೆ. ಹೆದ್ದಾರಿಯಲ್ಲಿ ಗಾಡಿ ಬಿಳಿ ಗೆರೆ ದಾಟಿದರೆ ಸ್ಟೇರಿಂಗು ತಾನೇ ಸ್ವಲ್ಪ ತಿರುಗಿ ಸರಿಮಾಡಿಕೊಳ್ಳುತ್ತದೆ, ಮುಂದೆ ಏನಾದರೂ ಅಡ್ಡ ಬಂದರೆ ತಾನೇ ಬ್ರೇಕ್ ಹಾಕುತ್ತದೆ. ಶಿವಮೊಗ್ಗದವರೆಗೆ ಅದು ಚೆನ್ನಾಗಿ ನಡೆಯಿತು. ರಿಪ್ಪನ್‌ಪೇಟೆ ದಾಟಿದ ಮೇಲೆ ಗೆರೆಯೇ ಇಲ್ಲ, ಇದ್ದದ್ದು ದನ. ಪ್ರತಿಯೊಂದು ದನಕ್ಕೂ ಗಾಡಿ ಕೂಗಿ ಕೂಗಿ ಬ್ರೇಕ್ ಹಾಕಿತು. ದನಗಳು ಏಳಲಿಲ್ಲ. ಗಾಡಿಮಾವನಿಗೆ ಪರಮಾನಂದ. ನಾನು ಸುಮ್ಮನಿರದೆ ಹೇಳಿದೆ: 'ಮಾವ, ಯಜಮಾನ ಮಲಗಿದ್ದರೂ ದಾರಿ ತಪ್ಪದೆ ಮನೆ ಮುಟ್ಟಿಸುವ ಗಾಡಿಯನ್ನೇ ಅಲ್ಲವೇ ನಿಮ್ಮ ಅಪ್ಪಯ್ಯ ಹೊಗಳುತ್ತಿದ್ದುದು? ಇದೂ ಅದನ್ನೇ ಮಾಡುತ್ತದಲ್ಲ.' ಅವರು ಕವಳ ಉಗುಳಲು ಗಾಜು ಇಳಿಸುವ ಗುಂಡಿ ಹುಡುಕಿದರು, ಸಿಗಲಿಲ್ಲ, ಮಗ ಇಳಿಸಿದ. ಉಗುಳಿ, ಬಾಯಿ ಒರೆಸಿಕೊಂಡು ಹೇಳಿದರು: 'ಎತ್ತು ಸಗಣಿನಾದ್ರೂ ಹಾಕ್ತಿತ್ತು. ಇದು ಎಂತ ಹಾಕ್ತು?' ತೋಟಗಾರನ ಈ ವಾದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ವಾಹನ ತಯಾರಕರಲ್ಲೂ ಇರಲಾರದು.

ಅಂಬಾಸಿಡರ್ ಈಗಿಲ್ಲ. ಎಫ್‌ಸಿ ಮುಗಿದು, ಎಂಜಿನ್ ಸೀಜಾಗಿ, ಕೊಟ್ಟಿಗೆಯ ಪಕ್ಕ ಕೆಲವು ವರ್ಷ ಕೋಳಿಗಳಿಗೆ ಮನೆಯಾಗಿ, ಕೊನೆಗೆ ಅತ್ತೆ ತವರಿಗೆ ಹೋಗಿದ್ದ ದಿನವಲ್ಲ, ಗಾಡಿಮಾವ ಮಂಡಿಗೆ ಹೋಗಿದ್ದ ದಿನ ಗುಜರಿಯವರ ಲಾರಿ ಹತ್ತಿತು. ಅದಕ್ಕೂ ಮೊದಲೇ ಅದರೊಳಗಿನ ಸಾಮಾನೆಲ್ಲ ಅಟ್ಟಕ್ಕೆ ಸೇರಿಯಾಗಿತ್ತು. ಅಡಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸುವಂತೆಯೇ ಅವರು ಅಲ್ಲಿ ಎಲ್ಲವನ್ನೂ ವಿಂಗಡಿಸಿಟ್ಟಿದ್ದಾರೆ. ಕೆಲಸ ಮಾಡುವಂಥವು ಒಂದು ಚೀಲ, ರಿಪೇರಿ ಮಾಡಿದರೆ ಕೆಲಸ ಮಾಡಬಹುದಾದವು ಒಂದು ಚೀಲ, ಯಾವ ಗಾಡಿಯದೆಂದು ನೆನಪಾಗಬೇಕಾದವು ಎರಡು ಚೀಲ. ಹಾರ್ಲಿಕ್ಸ್ ಬಾಟಲಿಯಲ್ಲಿ ವಾಲ್‌ಟ್ಯೂಬು, ಸೈಕಲ್ ಬಾಲ್ಸು, ಕಾಟರ್ ಪಿನ್ನು. ಕಾಲಿನಲ್ಲಿ ಒತ್ತುವ ಡಿಪ್ಪರ್ ಸ್ವಿಚ್ಚೊಂದು ಬಟ್ಟೆಯಲ್ಲಿ ಸುತ್ತಿಟ್ಟದ್ದು. ನಾವಡರ ಕ್ಯಾಸೆಟ್ಟು ಇದೆ, ಹಾಕಲು ಯಂತ್ರ ಇಲ್ಲ. ದಿಕ್ಸೂಚಿ ಇದೆ, ಒಳಗಿನ ನೀರು ಆರಿ ಒಂದೇ ದಿಕ್ಕು ತೋರಿಸುತ್ತದೆ.

ಕೊಡುಗೈಯವರು ಇನ್ನೂ ಇದ್ದಾರೆ ಎನ್ನುವುದೇ ಈಗಿನ ಸಮಸ್ಯೆ. ಗಾಡಿಮಾವನ ಹುಚ್ಚು ತಿಳಿದವರು ಮೂರು ತಾಲ್ಲೂಕಿನಿಂದಲೂ ಮನೆ ಖಾಲಿ ಮಾಡುವಾಗ, ಅಟ್ಟ ತೊಳೆಯುವಾಗ ಸಿಕ್ಕ ಡೈನಮೋ, ಹಾರ್ನು, ಸೀಟಿನ ಸ್ಪ್ರಿಂಗುಗಳನ್ನು ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದಾರೆ. ಹೀಗಾಗಿ ನಾನು ಇದನ್ನು ಬರೆಯುತ್ತೇನೆಂದು ಗೊತ್ತಾದಾಗ ಅತ್ತೆ ಒಂದು ಕೋರಿಕೆಯನ್ನು ಕೊನೆಗೆ ಸೇರಿಸಲೇಬೇಕೆಂದು ಹೇಳಿದ್ದಾರೆ. ಅದು ಹೀಗಿದೆ: ನಿಮ್ಮ ಮನೆಯಲ್ಲಿ ಮಾರ್ಕ್ 2 ಅಂಬಾಸಿಡರಿನ ಎಡಗಡೆಯ ಕ್ವಾರ್ಟರ್ ಗ್ಲಾಸಿನ ಚಿಲಕ ಇದ್ದರೆ, ದಯವಿಟ್ಟು ಗುಜರಿಗೆ ಹಾಕಿ. ಹತ್ತು ರೂಪಾಯಿ ಬಂದರೂ ಬಂತು. ನಮ್ಮ ಮನೆಗೆ ಮಾತ್ರ ಕಳಿಸಬೇಡಿ.